ಯೂನಿಯನ್ನಿಗೆ ಯಾರು ಮೆತ್ತಿದ್ದು

ಫಿಟ್ಟರ್ ಮಾವನಿಗೆ ಸಿಟ್ಟು ಬರಿಸಲು ಎರಡೇ ದಾರಿ. ಒಂದು, ಅವನ ಹತ್ಯಾರದ ಪೆಟ್ಟಿಗೆ ಮುಟ್ಟಬೇಕು. ಇನ್ನೊಂದು, ಬಿಚ್ಚಬೇಕಾದ ಜಾಗಕ್ಕೆ ಅಂಟು ಹಾಕಬೇಕು. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಮೂವತ್ತೆಂಟು ವರ್ಷ ಪೈಪು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ ನಿವೃತ್ತನಾದ ಮನುಷ್ಯ. ಬೇರೆ ಏನೇ ಆದರೂ ನಕ್ಕು ಸುಮ್ಮನಾಗುತ್ತಾನೆ, ಈ ಎರಡಕ್ಕೆ ಮಾತ್ರ ಸೂರು ಹಾರಿಹೋಗುವ ಹಾಗೆ ಕೂಗುತ್ತಾನೆ.

ಆವತ್ತು ಬೆಳಿಗ್ಗೆ ಹತ್ತು ಗಂಟೆಗೆ, ಮುಂದಿನ ಕೋಣೆಯ ಮೀನಿನ ತೊಟ್ಟಿಯ ಕೆಳಗೆ, ಮರದ ಕಪಾಟಿನೊಳಗೆ ತಲೆ ತೂರಿಸಿ ಟಾರ್ಚು ಬಿಟ್ಟವನು ಹಾಗೇ ಕೂಗಿದ.

"ಯಾವ ಮಹಾನುಭಾವರಪ್ಪಾ ಈ ಘನಕಾರ್ಯ ಮಾಡಿದ್ದು? ಯೂನಿಯನ್ನಿಗೆ ಎಪಾಕ್ಸಿ ಮೆತ್ತಿದಾರಲ್ಲ! ಹೋಗಿ ಹೋಗಿ ಯೂನಿಯನ್ನಿಗೆ!"

ಯೂನಿಯನ್ ಅಂದರೆ ಎರಡು ಪೈಪುಗಳನ್ನು ಹಿಡಿದಿರುವ ದಪ್ಪ ಪ್ಲಾಸ್ಟಿಕ್ ನಟ್ಟು. ಬೇಕಾದಾಗ ಕೈಯಲ್ಲೇ ತಿರುಗಿಸಿ ಬಿಚ್ಚಲಿಕ್ಕೆಂದೇ ಹುಟ್ಟಿದ ಫಿಟ್ಟಿಂಗು ಅದು. ಈಗ ಅದರ ಸುತ್ತ ಬೂದು ಬಣ್ಣದ ಎಪಾಕ್ಸಿ, ಒಂದು ಮುಷ್ಟಿ ಗಾತ್ರದ್ದು, ನಟ್ಟಿನ ಒಂದು ಹಲ್ಲೂ ಕಾಣದ ಹಾಗೆ ಕಲ್ಲಾಗಿ ಕೂತಿತ್ತು. ಎರಡು ಬಣ್ಣದ ಮುದ್ದೆಗಳನ್ನು ನಾದಿ ಮೆತ್ತುತ್ತಾರಲ್ಲ, ಅರ್ಧ ಗಂಟೆಯಲ್ಲಿ ಸುತ್ತಿಗೆಗೂ ಬಗ್ಗದ ಹಾಗೆ ಆಗುತ್ತದಲ್ಲ, ಅದೇ.

ನಸುಕಿನಿಂದ ಪಂಪು ಗುಂಯ್ ಅನ್ನುತ್ತಿತ್ತೇ ಹೊರತು ನೀರು ನೂಕುತ್ತಿರಲಿಲ್ಲ. ಹೊಟ್ಟೆಯಲ್ಲಿ ಏನೋ ಸಿಕ್ಕಿಕೊಂಡಿದೆ. ಆಚೀಚೆಯ ವಾಲ್ವು ಮುಚ್ಚಿ, ಎರಡೂ ಕಡೆಯ ಯೂನಿಯನ್ ಬಿಚ್ಚಿ, ಪಂಪನ್ನು ಈಚೆ ತೆಗೆದು, ಸಿಕ್ಕಿಕೊಂಡದ್ದನ್ನು ಕಿತ್ತು ಬಿಸಾಕಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಒಂದು ಕಡೆಯದು ಎರಡು ಬೆರಳಿಗೆ ಬಿಚ್ಚಿಕೊಂಡಿತ್ತು. ಇನ್ನೊಂದು ಕಡೆ ಈ ಕಲ್ಲು.

ಮೇಲೆ ತೊಟ್ಟಿಯಲ್ಲಿ ಸಾಹುಕಾರ ನೀರಿನ ಮೇಲ್ಮೈಗೆ ಮೂತಿ ಇಟ್ಟು ಬಾಯಿ ಬಾಯಿ ಬಿಡುತ್ತಿದ್ದ. ಸಾಹುಕಾರ ಅಂದರೆ ಮೀನು. ಮೊಳದುದ್ದದ ಚಿನ್ನದ ಮೀನು, ಆ ಹೊಟ್ಟೆಗೆ ಬೇರೆ ಹೆಸರೇ ಒಪ್ಪುತ್ತಿರಲಿಲ್ಲ. ವಯಸ್ಸು ಹದಿನಾಲ್ಕು ದಾಟಿದೆ. ಆಸ್ಪತ್ರೆಯ ಹಜಾರದಲ್ಲಿದ್ದ ತೊಟ್ಟಿಯನ್ನು ಒಡೆದು ಹಾಕುವಾಗ, ಚರಂಡಿ ಸೇರಬೇಕಾಗಿದ್ದ ಇವನನ್ನು ಬಕೆಟ್ಟಿಗೆ ಹಾಕಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದವನು ಮಾವ. ಈ ತೊಟ್ಟಿಯ ಒಂದೊಂದು ಪೈಪನ್ನೂ ಅಳೆದು, ಕೊಯ್ದು, ಕೂರಿಸಿದವನೂ ಅವನೇ. ತನ್ನ ಕೈಯ ಜೋಡಣೆಯಲ್ಲೇ ಇದು ಉಸಿರುಕಟ್ಟಿ ಸತ್ತರೆ ಈ ಕೈ ಇದ್ದು ಏನು ಪ್ರಯೋಜನ, ಅದು ಅವನ ಸಂಕಟ.

ಗಾಳಿ ಗುಳ್ಳೆ ಬಿಡುವ ಪುಟ್ಟ ಯಂತ್ರ ಒಂದಿತ್ತು, ಇಂಥ ಆಪತ್ತಿಗೆಂದೇ ಇಟ್ಟಿದ್ದು. ಅದು ಇರಬೇಕಾದ ಡ್ರಾಯರಿನಲ್ಲಿ ಇರಲಿಲ್ಲ. "ಈ ಮನೇಲಿ ಇಟ್ಟದ್ದು ಇಟ್ಟ ಕಡೆ ಇರಲ್ಲ" ಅಂತ ಮಾವ ಅದಕ್ಕೂ ಒಮ್ಮೆ ಕೂಗಿ ಆಗಿತ್ತು. ಹಾಗಾಗಿ ಅವನ ಹೆಂಡತಿ ಸ್ಟೂಲಿನ ಮೇಲೆ ನಿಂತು, ತೊಟ್ಟಿಯ ನೀರನ್ನೇ ಮಗ್ಗಿನಲ್ಲಿ ಮೊಗೆದು, ಕೈ ಮೇಲೆತ್ತಿ ಎತ್ತರದಿಂದ ಸುರಿಯುತ್ತಿದ್ದಳು. ನೀರು ನೀರಿಗೆ ಬಿದ್ದರೆ ಅಷ್ಟಿಷ್ಟು ಗಾಳಿ ಸೇರುತ್ತದೆ. ಮಗ್ಗು ನಿಂತಿತೋ, ಸಾಹುಕಾರನ ಉಸಿರೂ ನಿಲ್ಲುತ್ತದೆ. ಹೀಗೆ ಸುರಿದು ಎಷ್ಟು ಹೊತ್ತು ಕಾಯಬಹುದು? ಮಧ್ಯಾಹ್ನದವರೆಗೆ, ಹೆಚ್ಚೆಂದರೆ.

"ಕೇಳಿದ್ದು ಕೇಳಿಸ್ತೇನೇ? ಯಾರು ಮೆತ್ತಿದ್ದು ಇದನ್ನ?"

ಮಗ್ಗು ಒಂದು ಕ್ಷಣ ತಡೆಯಿತು. "ನಾನೇ ರೀ" ಅಂದಳು ಹೆಂಡತಿ. "ನೀರು ಒಸರ್ತಾ ಇತ್ತು. ನಿಮಗೆ ಯಾಕೆ ತೊಂದರೆ ಅಂತ ನಾನೇ ಮೆತ್ತಿಬಿಟ್ಟೆ. ತಪ್ಪಾಯ್ತು."

ಮಾವ ತಲೆ ಈಚೆ ತೆಗೆದು ಅವಳನ್ನು ಮಿಕಿಮಿಕಿ ನೋಡಿದ. ಮೂವತ್ತಾರು ವರ್ಷದ ಸಂಸಾರದಲ್ಲಿ ಒಂದು ಬಲ್ಬು ಬದಲಾಯಿಸಲಿಕ್ಕೂ ತನ್ನನ್ನೇ ಕೂಗಿದವಳು.

"ನೀನಾ? ಎಪಾಕ್ಸಿ ಕಲಸೋಕೆ ಬರುತ್ತಾ ನಿನಗೆ?"

"ಅದರಲ್ಲೇನು ಮಹಾ ವಿದ್ಯೆ? ಹಿಟ್ಟು ನಾದಿದ ಹಾಗೆ ನಾದಿದೆ."

ಬೈಯಬೇಕಿತ್ತು, ಬೈದ. ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು ಅಂದ. ಮೂವತ್ತೆಂಟು ವರ್ಷ ಫಿಟ್ಟರನ ಹೆಂಡತಿಯಾಗಿ ಇದನ್ನಾ ಕಲಿತದ್ದು ಅಂದ. ಲೆಕ್ಕ ತಪ್ಪಿತ್ತು, ಕೆಲಸದ ವರ್ಷವನ್ನೂ ಸಂಸಾರದ ವರ್ಷವನ್ನೂ ಕಲಸಿಬಿಟ್ಟಿದ್ದ, ಆದರೂ ಅವಳು ತಿದ್ದಲಿಲ್ಲ. ಸುಮ್ಮನೆ ನೀರು ಸುರಿಯುತ್ತ ಬೈಸಿಕೊಂಡಳು. ಎದುರು ಮಾತಾಡದೆ ಬೈಸಿಕೊಳ್ಳುವವಳಲ್ಲ ಅವಳು. ಅದೂ ಅವನಿಗೆ ಒಗಟಾಗಿ ಕಂಡಿತು.

ಸರಿ, ಕೆಲಸಕ್ಕೆ ಇಳಿಯೋಣ ಅಂದರೆ, ಪೈಪು ಕೊಯ್ಯುವ ಹಾಗಿಲ್ಲ. ತೊಟ್ಟಿಯ ತಳಕ್ಕೂ ಆ ನಟ್ಟಿಗೂ ನಡುವೆ ನಾಲ್ಕೇ ಬೆರಳು ಪೈಪು. ಕೊಯ್ದರೆ ಹೊಸದನ್ನು ಕೂರಿಸಲು ಜಾಗವಿಲ್ಲ, ತೊಟ್ಟಿ ಪೂರ್ತಿ ಬರಿದು ಮಾಡಬೇಕು, ಅಂಟು ಒಣಗಲು ಒಂದು ದಿನ ಬಿಡಬೇಕು. ಸುತ್ತಿಗೆ ಎತ್ತುವ ಹಾಗಿಲ್ಲ, ಮೇಲಿರುವುದು ಗಾಜು. ಉಳಿದದ್ದು ಬಿಸಿ ಒಂದೇ. ಎಪಾಕ್ಸಿ ಎಂಥ ಕಲ್ಲಾದರೂ ಬಿಸಿಗೆ ಸ್ವಲ್ಪ ಮೆತ್ತಗಾಗುತ್ತದೆ. ಆದರೆ ಪೈಪೂ ಪ್ಲಾಸ್ಟಿಕ್ಕೇ ನೋಡಿ, ಬಿಸಿ ಹೆಚ್ಚಾದರೆ ಅದೂ ಮೆತ್ತಗಾಗಿ ಸೊಟ್ಟಗಾಗುತ್ತದೆ. ಕೈ ಇಟ್ಟರೆ ಹಾ ಅಂತ ಹಿಂದೆ ತೆಗೆಯಬೇಕು, ಆದರೆ ಬೊಬ್ಬೆ ಏಳಬಾರದು, ಅಷ್ಟೇ ಬಿಸಿ ಬೇಕು.

"ಅಮ್ಮಾ, ಒಂದು ಪಾತ್ರೆ ಬಿಸಿನೀರು ತಗೊಂಡು ಬಾ. ಹಳೇ ಟವೆಲ್ಲೂ ಇರಲಿ" ಅಂತ ಸೊಸೆಯನ್ನು ಕೂಗಿದ. ಮಗ ಕಾರ್ಖಾನೆಯ ಪಾಳಿಗೆ ಹೋಗಿದ್ದ, ಸಂಜೆಗೇ ಬರುವುದು. ಸೊಸೆ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದವಳು, ಆವತ್ತು ರಜೆ.

ಅವಳು ಪಾತ್ರೆ ತಂದಿಟ್ಟಾಗ ಮಾವ, "ಇದ್ಯಾಕಮ್ಮಾ?" ಅಂದ. ಅಂದವನೇ, "ಓ, ಹೌದು ಹೌದು, ಇಲ್ಲಿಡು" ಅಂದ. ಅವಳು ಅತ್ತೆಯ ಮುಖ ನೋಡಿದಳು.

"ಮಾವ, ಉಗುರು ಬಣ್ಣ ಅಳಿಸೋ ದ್ರಾವಣ ಹಾಕಿದ್ರೆ ಬಿಡಲ್ವಾ?"

"ಬಿಡುತ್ತೆ ಮಗಳೇ, ಎಲ್ಲಾ ಬಿಡುತ್ತೆ. ಪೈಪು ಕರಗಿ ಬಿಡುತ್ತೆ, ಮೀನು ಪ್ರಾಣ ಬಿಡುತ್ತೆ."

ಸೊಸೆ ನಕ್ಕಳು. ಆಮೇಲೆ ನೆಲ ನೋಡುತ್ತ, ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವವರ ಹಾಗೆ, "ಮಾವ, ಬೈಬೇಡಿ. ಇದನ್ನ ಮೆತ್ತಿದ್ದು ನಾನು" ಅಂದಳು.

ಮಾವನ ಕೈಯಲ್ಲಿದ್ದ ಬಿಸಿ ಟವೆಲ್ಲು ಹಾಗೇ ತೊಟ್ಟಿಕ್ಕಿತು. "ನೀನಾ? ಮತ್ತೆ ನಿಮ್ಮ ಅತ್ತೆ ತಾನು ಅಂದಳಲ್ಲ?"

ಮೇಲೆ ಸ್ಟೂಲಿನಿಂದ ಹೆಂಡತಿ ಕೆಮ್ಮಿದಳು. ಸೊಸೆಯ ಮುಖ ಬಿಳಿಚಿತು. "ಅತ್ತೆ... ಅತ್ತೆ ಹೇಳಿದ್ರು, ನಾನು ಮೆತ್ತಿದೆ."

"ನೀನು ಸುಮ್ನಿರೇ, ನಾನು ಮೆತ್ತಿದ್ದು" ಅಂದಳು ಅತ್ತೆ.

ಅಲ್ಲಾ, ಹೇಳಿ ನೋಡೋಣ. ತಪ್ಪು ತನ್ನದಲ್ಲ ಅಂತ ಜಗಳ ಆಡುವ ಮನೆಗಳನ್ನು ಎಲ್ಲರೂ ಕಂಡಿದ್ದೇವೆ. ತನ್ನದೇ ಅಂತ ಜಗಳ ಆಡುವ ಮನೆ ಯಾವುದಾದರೂ ಇದೆಯೇ? ಮಾವ ಕಕ್ಕಾಬಿಕ್ಕಿಯಾದ. ಬೈಯಲು ಬಾಯಿ ತೆರೆದರೆ ಯಾರನ್ನು ಬೈಯಬೇಕೆಂದು ತಿಳಿಯದೆ ಹಾಗೇ ಮುಚ್ಚಿದ. ಟವೆಲ್ಲನ್ನು ಹಿಂಡಿ ಎಪಾಕ್ಸಿಯ ಸುತ್ತ ಸುತ್ತಿ, ಎಡಗೈ ಬೆರಳಿಟ್ಟು ಬಿಸಿ ನೋಡಿದ. ಬಲಗೈ ಹೆಬ್ಬೆರಳನ್ನು ಅವನು ಬಿಸಿಗೆ ನಂಬುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಪೈಪಿನ ತುದಿಗೆ ತಿರುಪಿನ ಹಲ್ಲು ಕೊರೆಯುವ ಯಂತ್ರಕ್ಕೆ ಸಿಕ್ಕಿ ಅದರ ನಡುವೆ ಅಡ್ಡಲಾಗಿ ಒಂದು ಗೀಟು ಬಿದ್ದಿದೆ, ಅಲ್ಲಿಂದೀಚೆಗೆ ಆ ಬೆರಳು ಮರಗಟ್ಟಿದ್ದೇ.

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಭಾವಮೈದ ಬಂದ. ಹೆಂಡತಿಯ ತಮ್ಮ, ಪಕ್ಕದ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಗಾಳಿ ಯಂತ್ರ ಎಲ್ಲಾದರೂ ಸಿಕ್ಕರೆ ತಾ ಅಂತ ಅವನನ್ನು ಓಡಿಸಿದ್ದರು. ಬರಿಗೈಯಲ್ಲಿ ಬಂದ. "ಮೀನಿನ ಅಂಗಡಿಗೆ ಇವತ್ತು ವಾರದ ರಜ" ಅಂದ. ಚಪ್ಪಲಿ ಕಳಚುತ್ತಲೇ, ಯಾರೂ ಏನೂ ಕೇಳುವ ಮೊದಲೇ, ಎರಡೂ ಕೈ ಜೋಡಿಸಿದ.

"ಭಾವ, ಕ್ಷಮಿಸಿಬಿಡಿ. ಆ ಎಪಾಕ್ಸಿ ನಂದೇ ಕೆಲಸ. ಹೋದ ತಿಂಗಳು ಬಂದಾಗ ಏನೋ ಬುದ್ಧಿ ಕೆಟ್ಟು ಮೆತ್ತಿಬಿಟ್ಟೆ."

ಹೆಂಡತಿ ಹಣೆ ಚಚ್ಚಿಕೊಂಡಳು. ಮಗ್ಗಿನ ಕೈ ಅದು, ಅರ್ಧ ಮಗ್ಗು ನೀರು ಅವಳ ತಲೆಯ ಮೇಲೇ ಬಿತ್ತು.

"ಲೇ ಕನ್ನಡಕ" ಅಂದ ಮಾವ, ನಿಧಾನವಾಗಿ. "ನಿಮ್ಮಕ್ಕ ತಾನು ಮೆತ್ತಿದೆ ಅಂತಾಳೆ. ಈ ಮಗು ತಾನು ಅಂತಾಳೆ. ಈಗ ನೀನು. ಏನು, ಮೂರೂ ಜನ ಕೈ ಕೈ ಹಿಡ್ಕೊಂಡು ಮೆತ್ತಿದ್ರಾ?"

"ಹೌದು ಭಾವ" ಅಂದ ಭಾವಮೈದ.

"ಇಲ್ಲ ಮಾವ" ಅಂದಳು ಸೊಸೆ, ಅದೇ ಕ್ಷಣಕ್ಕೆ.

ಮಾವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಏನೋ ನಡೆಯುತ್ತಿದೆ, ತನ್ನ ಬೆನ್ನ ಹಿಂದೆ ನಡೆಯುತ್ತಿದೆ, ಆದರೆ ಏನು ಅಂತ ತುದಿ ಸಿಕ್ಕುತ್ತಿಲ್ಲ. ತಮಾಷೆಯೇ? ಮೀನು ಸಾಯುವ ಹೊತ್ತಿನಲ್ಲಿ ಯಾರು ತಮಾಷೆ ಮಾಡುತ್ತಾರೆ? ಅವನು ಮತ್ತೆ ಕಪಾಟಿನೊಳಗೆ ಹೋದ. ಅಲ್ಲಿ ಕತ್ತಲೆಯಿತ್ತು, ಕೆಲಸವಿತ್ತು. ಕೆಲಸವಾದರೂ ಅರ್ಥವಾಗುತ್ತದೆ.

ಟವೆಲ್ಲು ಆರುವ ಮೊದಲೇ ಹೊಸ ಬಿಸಿ ಟವೆಲ್ಲು. ಮೂರನೆಯದಕ್ಕೆ ಎಪಾಕ್ಸಿಯ ಅಂಚಿನಲ್ಲಿ ಸಣ್ಣ ಉಳಿಯ ತುದಿ ಇಳಿಯಿತು. ಮೆಲ್ಲಗೆ ಮೀಟಿದ. ಟಕ್ ಅಂತ ಒಂದು ಚಿಪ್ಪು ಎದ್ದು ಬಂತು. ಒಳಗೆ ನಟ್ಟು ಕಾಣಬೇಕಿತ್ತು, ಕಾಣಲಿಲ್ಲ. ಇನ್ನೊಂದು ಎಪಾಕ್ಸಿ! ಇದರ ಬಣ್ಣ ತುಸು ಕಪ್ಪು. ನಡುವೆ ಧೂಳಿನ ತೆಳು ಪೊರೆ. ಅಂದರೆ ಒಂದೇ ದಿನ ಮೆತ್ತಿದ್ದಲ್ಲ. ಒಬ್ಬರು ಮೆತ್ತಿದ ಮೇಲೆ, ತಿಂಗಳೋ ಎರಡು ತಿಂಗಳೋ ಬಿಟ್ಟು, ಮತ್ತೊಬ್ಬರು ಮೆತ್ತಿದ್ದಾರೆ. ಹಾಗಾದರೆ ಮೂವರು ಹೇಳಿದ್ದೂ ನಿಜವೇ ಇರಬೇಕು ಅಂದುಕೊಂಡ. ಅರೆಗಳಿಗೆ ನೆಮ್ಮದಿಯಾಯಿತು.

ಹಿಂದೆ ಪಿಸುಪಿಸು ಕೇಳಿಸಿತು. "ಹೋದ ಸಲ ನೀನೇ ಅಲ್ವೇನಕ್ಕಾ? ಈ ಸಲ ನನ್ನ ಸರದಿ ಅಂತ ಮಾತಾಗಿತ್ತು."

"ಬಾಯ್ಮುಚ್ಚೋ, ಕೇಳಿಸುತ್ತೆ."

ಯಾವ ಹೋದ ಸಲ? ಇದೇ ಮೊದಲಲ್ಲವೇ? ಕೇಳೋಣ ಅಂದುಕೊಳ್ಳುವಷ್ಟರಲ್ಲಿ ಸೊಸೆ, "ಮಾವ, ಸಾಹುಕಾರ ವಾಲ್ತಾ ಇದಾನೆ" ಅಂದಳು.

ಮಾವ ಎದ್ದು ನೋಡಿದ. ದೊಡ್ಡ ಮೀನು ಒಂದು ಪಕ್ಕಕ್ಕೆ ಬಾಗಿತ್ತು, ಒಂದು ಕಣ್ಣು ಚಾವಣಿಯ ಕಡೆ. ಭಾವಮೈದ ಮಗ್ಗು ಕಿತ್ತುಕೊಂಡು ತಾನು ಸುರಿಯತೊಡಗಿದ, ಸೊಸೆ ಅಡುಗೆಮನೆಯಿಂದ ಇನ್ನೊಂದು ಚೊಂಬು ತಂದು ಆ ಕಡೆಯಿಂದ ಸುರಿದಳು. ಮಾವ ಗಾಜಿಗೆ ಬೆರಳು ತಟ್ಟಿದ. "ಇನ್ನು ಸ್ವಲ್ಪ ಹೊತ್ತು ಕಣಪ್ಪಾ, ಇನ್ನು ಸ್ವಲ್ಪ ಹೊತ್ತು" ಅಂತ ಮೀನಿಗೆ ಹೇಳಿ ಮತ್ತೆ ತಲೆ ತೂರಿಸಿದ.

ಎರಡನೆಯ ಚಿಪ್ಪು. ಮೂರನೆಯದು. ನಾಲ್ಕನೆಯದು. ಮೆತ್ತಿದವರು ಮೂವರು, ಪದರ ಮುಗಿಯುವುದೇ ಇಲ್ಲ! ಸಿಟ್ಟಿನ ನಡುವೆಯೂ ಅವನಿಗೆ ಒಂದು ಮಾತು ಒಪ್ಪಲೇಬೇಕಾಯಿತು, ಮೆತ್ತಿದ ಕೈ ಮಾತ್ರ ಬಲ್ಲವರದು. ಅಂಚೆಲ್ಲ ತೆಳ್ಳಗೆ ತೀಡಿದೆ. ಒದ್ದೆ ಹೆಬ್ಬೆರಳಲ್ಲಿ ಸವರಿ ನುಣುಪು ಮಾಡಿದೆ. ಆಸ್ಪತ್ರೆಯಲ್ಲಿ ಹೊಸಬರಿಗೆ ಅವನು ಕಲಿಸುತ್ತಿದ್ದುದೂ ಹಾಗೇ, ಎಂಜಲಾದರೂ ಹಚ್ಚಿ ಬೆರಳು ಒದ್ದೆ ಮಾಡ್ಕೊಳ್ರೋ ಅಂತ. ಈ ಮನೆಯಲ್ಲಿ ಇದನ್ನು ಕಲಿತವರು ಯಾರು? ಕನ್ನಡಕ ತಿಕ್ಕುವವನೇ? ಹಲ್ಲಿನ ಡಾಕ್ಟರ ಬಳಿ ಇರುವವಳೇ?

ಟಾರ್ಚನ್ನು ಹತ್ತಿರ ಹಿಡಿದ. ಪ್ರತಿ ಪದರದ ಮೇಲೂ ಹೆಬ್ಬೆರಳಿನ ಗುರುತುಗಳಿದ್ದವು. ಪ್ರತಿ ಗುರುತಿನ ನಡುವೆ ಅಡ್ಡಲಾಗಿ ಒಂದು ಗೀಟು. ಬಟ್ಟೆಯ ನೂಲು ಅಂಟಿರಬೇಕು ಅಂದುಕೊಂಡ. ನಾಲ್ಕೂ ಪದರದಲ್ಲಿ, ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ ನೂಲು? ಅವನ ಕೈ ತಡೆಯಿತು. ಆ ಯೋಚನೆಯನ್ನು ಮುಂದಕ್ಕೆ ಹೋಗಲು ಬಿಡಲಿಲ್ಲ. ಬಿಸಿ ಟವೆಲ್ಲು ಸುತ್ತಿ, ಎಣಿಸಿ ಮೂರು ನಿಮಿಷ ಕಾದು, ಐದನೆಯ ಪದರಕ್ಕೆ ಉಳಿ ಹಾಕಿದ.

ಅದು ಒಂದೇ ತುಂಡಾಗಿ ಬಂತು. ನಟ್ಟಿನ ಹಲ್ಲುಗಳು ಕಂಡವು. ನಟ್ಟಿನ ಮೇಲಿನ ನಾಲ್ಕು ಬೆರಳು ಪೈಪಿನ ಮೇಲೆ, ಎಪಾಕ್ಸಿಯ ಅಡಿ ಮುಚ್ಚಿಹೋಗಿದ್ದ ಜಾಗದಲ್ಲಿ, ಮಾಸಿದ ಮಾರ್ಕರ್ ಶಾಯಿಯಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿತ್ತು:

"ಇದು ಸೋರುತ್ತಿಲ್ಲ. ನೀರು ಬದಲಾಯಿಸಿದ ದಿನ ಪೈಪು ಬೆವರುತ್ತೆ, ಅಷ್ಟೇ. ಮೆತ್ತಬೇಡ."

ಕೆಳಗೆ ಹೋದ ವರ್ಷದ ತಾರೀಕು. ಅದರ ಪಕ್ಕದಲ್ಲಿ ಒಂದು ಸೊನ್ನೆ, ಸೊನ್ನೆಯೊಳಗೆ ಒಂದು ಗೀಟು. ಮೂವತ್ತೆಂಟು ವರ್ಷ, ಮುಗಿಸಿದ ಪ್ರತಿ ಜೋಡಣೆಯ ಕೆಳಗೂ ಫಿಟ್ಟರ್ ಮಾವ ಹಾಕುತ್ತಿದ್ದ ಗುರುತು ಅದು. ಬೇರೆ ಯಾರೂ ಹಾಕುವುದಿಲ್ಲ.

ಅಕ್ಷರ ಅವನದೇ. ಬರೆದ ನೆನಪು ಮಾತ್ರ ಇಲ್ಲ. ಎಷ್ಟು ತಡಕಿದರೂ ಇಲ್ಲ. ಬಲಗೈ ಹೆಬ್ಬೆರಳನ್ನು ಎಪಾಕ್ಸಿಯ ಮೇಲಿನ ಒಂದು ಗುರುತಿಗೆ ಇಟ್ಟು ನೋಡಿದ. ಗೀಟಿಗೆ ಗೀಟು ಕೂತಿತು. ಅವನಿಗೆ ಹೆದರಿಕೆಯಾಯಿತು. ಚಿಕ್ಕಂದಿನಲ್ಲಿ ಜನಜಂಗುಳಿಯಲ್ಲಿ ಅಪ್ಪನ ಕೈ ತಪ್ಪಿದಾಗ ಆದಂಥದೇ ಹೆದರಿಕೆ.

"ಭಾವ, ಬೇಗ!" ಮೇಲಿನಿಂದ ಕೂಗು ಬಂತು.

ಹೌದು, ಮೀನು. ಮೊದಲು ಮೀನು. ಮಾವ ನಟ್ಟಿಗೆ ಎರಡೂ ಕೈ ಹಾಕಿ ತಿರುಗಿಸಿದ. ಕಿರ್ ಅಂದಿತು, ಮೊಂಡು ಹಿಡಿಯಿತು, ಆಮೇಲೆ ಬಿಟ್ಟುಕೊಟ್ಟಿತು. ಪಂಪನ್ನು ಈಚೆ ಎಳೆದು ಬಾಯಿ ಬಿಚ್ಚಿದರೆ ಒಳಗೆ ಕಡಲೆಯಷ್ಟು ದೊಡ್ಡ ಬಸವನಹುಳದ ಚಿಪ್ಪು, ಅಷ್ಟೇ! ಕಿತ್ತೆಸೆದು, ರಬ್ಬರ್ ಬಳೆ ಒರೆಸಿ, ಮತ್ತೆ ಕೂರಿಸಿ, ಯೂನಿಯನ್ ಬಿಗಿದು, ವಾಲ್ವು ತೆರೆದು, ಸ್ವಿಚ್ಚು ಹಾಕಿದ. ಆ ಕೈಗಳು ಒಂದು ಸಲವೂ ತಡವರಿಸಲಿಲ್ಲ. ನೀರು ಮೇಲಿನ ಪೈಪಿನಿಂದ ಧಾರೆಯಾಗಿ ತೊಟ್ಟಿಗೆ ಧುಮುಕಿತು.

ನಾಲ್ವರೂ ಗಾಜಿಗೆ ಮುಖವಿಟ್ಟು ನಿಂತರು. ಎಷ್ಟೋ ಹೊತ್ತು ಸಾಹುಕಾರ ವಾಲಿಕೊಂಡೇ ಇದ್ದ. ಆಮೇಲೆ ಒಂದು ರೆಕ್ಕೆ ಅಲುಗಿತು. ಧಾರೆಯ ಕಡೆ ಮೂತಿ ತಿರುಗಿಸಿದ, ನೆಟ್ಟಗಾದ, ಏನೂ ಆಗಿಲ್ಲವೆಂಬಂತೆ ಹೊಟ್ಟೆ ಹೊತ್ತುಕೊಂಡು ಹೊರಟ. ಸೊಸೆ ಜೋರಾಗಿ ಅತ್ತುಬಿಟ್ಟಳು. ಭಾವಮೈದ ಮಗ್ಗು ಹಿಡಿದುಕೊಂಡೇ ನೆಲದ ಮೇಲೆ ಕೂತ.

ಹತ್ಯಾರ ಎತ್ತಿಡಲು ಮಾವ ಪೆಟ್ಟಿಗೆಯ ಮೇಲಿನ ತಟ್ಟೆ ತೆಗೆದ. ಕೆಳಗಿನ ಅಂಕಣದಲ್ಲಿ, ಅವನದೇ ಕರವಸ್ತ್ರದಲ್ಲಿ ಸುತ್ತಿ, ಗಾಳಿ ಯಂತ್ರ ಬೆಚ್ಚಗೆ ಮಲಗಿತ್ತು. ಅದರ ಪಕ್ಕದಲ್ಲಿ ಎಪಾಕ್ಸಿ ಪೊಟ್ಟಣ, ಅರ್ಧ ಮುಗಿದದ್ದು. ಅವನ ಪೆಟ್ಟಿಗೆ ಯಾರೂ ಮುಟ್ಟುವ ಹಾಗಿಲ್ಲವಲ್ಲ, ಅದಕ್ಕೇ ಯಾರೂ ಅಲ್ಲಿ ಹುಡುಕಿರಲಿಲ್ಲ. ಮೂವರೂ ನೋಡಿದರು, ಮೂವರೂ ನೋಡದವರ ಹಾಗೆ ಬೇರೆ ಕಡೆ ತಿರುಗಿದರು.

ಮಾವ ಕರವಸ್ತ್ರವನ್ನು ಮತ್ತೆ ಯಂತ್ರದ ಮೇಲೆ ಸುತ್ತಿ ತಟ್ಟೆ ಮುಚ್ಚಿದ. ಆಮೇಲೆ ಭಾವಮೈದನ ಕಡೆ ಬೆರಳು ತೋರಿಸಿ ಸೂರು ಹಾರುವ ಹಾಗೆ ಕೂಗಿದ.

"ಲೇ ಕನ್ನಡಕ! ಇನ್ನೊಂದು ಸಲ ನನ್ನ ಫಿಟ್ಟಿಂಗಿಗೆ ಕೈ ಹಾಕಿದ್ರೆ ನೋಡು, ಆ ಕೈಗೇ ಎಪಾಕ್ಸಿ ಮೆತ್ತಿ ಕಳಿಸ್ತೀನಿ!"

"ಇಲ್ಲ ಭಾವ, ಇನ್ನು ಮುಟ್ಟಲ್ಲ" ಅಂದ ಭಾವಮೈದ. ಅವನ ಮುಖ ಅರಳಿತು. ಪಾರಾದೆ ಅಂದುಕೊಂಡನೇನೋ ಪಾಪ. ಸೊಸೆ ಕಣ್ಣೊರೆಸಿಕೊಂಡು ಟೀಗೆ ಇಡಲು ಒಳಗೆ ಹೋದಳು, ಅವನೂ ಅವಳ ಹಿಂದೆ ಹೋದ.

ಹೆಂಡತಿ ಸ್ಟೂಲಿನ ಮೇಲೆ ಕೂತು ನೋಯುತ್ತಿದ್ದ ಮಣಿಕಟ್ಟು ತಿಕ್ಕಿಕೊಳ್ಳುತ್ತಿದ್ದಳು. ಮಾವ ಐದು ಚಿಪ್ಪುಗಳನ್ನೂ ಆಯ್ದು ಅವಳ ಮಡಿಲಿಗೆ ಹಾಕಿದ. ಪೆಟ್ಟಿಗೆಯ ಬೀಗದ ಕೈಯನ್ನು ಅದರ ಮೇಲಿಟ್ಟ. ಪಕ್ಕದಲ್ಲಿ ನೆಲದ ಮೇಲೆ ಕುಕ್ಕರಿಸಿ, ಅವಳ ಮಣಿಕಟ್ಟನ್ನು ತಾನು ಹಿಡಿದು ತಿಕ್ಕತೊಡಗಿದ.

"ಎಷ್ಟು ಸಲ ಆಯ್ತೇ?"

ಅವಳು ಮಡಿಲಿನ ಚಿಪ್ಪುಗಳನ್ನು ಒಂದೊಂದಾಗಿ ಎಣಿಸಿದಳು. "ಕೂಗಾಡಿದ್ದು ಇದು ಐದನೇ ಸಲ, ಕೀಳಬೇಕಾಗಿ ಬಂದದ್ದು ಇದೇ ಮೊದಲು" ಅಂದಳು. "ಪೊಟ್ಟಣ ಬಚ್ಚಿಟ್ರೆ ಹೊಸದು ತರ್ತೀರಿ. ಮೊದಲನೇ ಸಲ ನೀವೇ ಮೆತ್ತಿದ್ದು ಅಂದುಬಿಟ್ಟೆ. ಎರಡು ದಿನ ಊಟ ಬಿಟ್ರಿ. ಆಮೇಲಿಂದ ನಾವು ನಾವೇ..."

"ಸರದಿ ಮಾಡ್ಕೊಂಡ್ರಿ."

"ಹೂಂ. ಇವತ್ತು ಕಲಸುಮೇಲೋಗರ ಆಗೋಯ್ತು."

ಮಾವ ತಲೆಯಾಡಿಸಿದ. ಇದನ್ನೂ ನಾಳೆ ಮರೆಯುತ್ತೇನೆ ಅನ್ನುವುದು ಅವನಿಗೆ ಆ ಕ್ಷಣದಲ್ಲಿ ಚೆನ್ನಾಗಿ ತಿಳಿದಿತ್ತು, ಪೈಪಿನ ಅಳತೆ ತಿಳಿದಷ್ಟೇ ಖಚಿತವಾಗಿ. ತೊಟ್ಟಿಯಲ್ಲಿ ಸಾಹುಕಾರ ಗಾಜಿನ ಉದ್ದಕ್ಕೂ ಹೋಗಿ, ತಿರುಗಿ, ಮತ್ತೆ ಬಂದ.

"ಮುಂದಿನ ಸಲ ಯಾರ ಸರದಿ?"

"ನಂದು" ಅಂದಳು.

"ತುಂಬಾ ಬೈತೀನೇನೇ?"

"ಬೈತೀರಿ. ಚೆನ್ನಾಗೇ ಬೈತೀರಿ."

ಮಾವ ಅವಳ ಕೈ ಬಿಡಲಿಲ್ಲ. "ಅವತ್ತಿಗೆ ಈಗಲೇ ಹೇಳಿರ್ತೀನಿ ಕೇಳು" ಅಂದ. "ತಪ್ಪಾಯ್ತು."